ಮಗಳಿಗೆ ಮೊದಲ ಪಿಯಾನೊ ಹುಡುಕಿದ್ದು

"ಅಮ್ಮ, ಟೀಚರ್ ಮನೆಯ ಪಿಯಾನೊ ತುಂಬಾ ಗಟ್ಟಿ ಉಂಟು. ನಾನು ಒತ್ತಿದರೆ ಶಬ್ದವೇ ಬರುವುದಿಲ್ಲ."

ತರಗತಿಗೆ ಸೇರಿ ಏಳೆಂಟು ತಿಂಗಳಾದ ಮೇಲೆ ಮಗಳು ಹೇಳಿದ ಮಾತಿದು. ಅವಳಿಗೆ ಆಗ ಏಳು ವರ್ಷ. ಮನೆಯಲ್ಲಿ 61 ಕೀಗಳ ಒಂದು ಕೀಬೋರ್ಡ್ ಇತ್ತು, ದಿನಾ ಸಂಜೆ ಇಪ್ಪತ್ತು ನಿಮಿಷ ಅದರಲ್ಲೇ ಅಭ್ಯಾಸ. ಮನೆಯಲ್ಲಿ ಚೆನ್ನಾಗಿ ನುಡಿಸಿದ ಪಾಠ ಶನಿವಾರ ಟೀಚರ್ ಮುಂದೆ ಮುಗ್ಗರಿಸುತ್ತಿತ್ತು. ಹೆದರಿಕೆಯಿಂದ ಹೀಗಾಗುತ್ತದೆ ಎಂದುಕೊಂಡು ನಾನು ಅವಳಿಗೆ ಧೈರ್ಯ ಹೇಳುತ್ತಾ ಬಂದೆ. ಆ ತಿಂಗಳುಗಳಲ್ಲಿ ಅವಳ ಬೆರಳುಗಳನ್ನು ಒಮ್ಮೆಯಾದರೂ ಸರಿಯಾಗಿ ನೋಡಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಕಿರುಬೆರಳು ಒತ್ತುವಾಗ ಇಡೀ ಕೈಯೇ ಆ ಕಡೆಗೆ ವಾಲುತ್ತಿತ್ತು, ಹೆಗಲು ಕಿವಿಯ ಹತ್ತಿರಕ್ಕೆ ಏರುತ್ತಿತ್ತು.

ಟೀಚರ್ ಹತ್ತಿರ ಕೇಳಿದೆ. ಅವರು ನನ್ನನ್ನೇ ಪಿಯಾನೊ ಮುಂದೆ ಕೂರಿಸಿ, "ಒಂದು ಕೀ ಮೆಲ್ಲ ಒತ್ತಿ" ಎಂದರು. ಒತ್ತಿದೆ, ಕೀ ಕೆಳಗೆ ಹೋಯಿತು, ಸ್ವರ ಬರಲಿಲ್ಲ. "ಈಗ ಬೇಗ ಒತ್ತಿ" ಎಂದರು. ಕೋಣೆ ತುಂಬುವಷ್ಟು ಶಬ್ದ ಬಂತು. ಕೀಲಿಯ ಆಚೆ ತುದಿಯಲ್ಲಿ ಫೆಲ್ಟ್, ಎಂದರೆ ಒತ್ತಿದ ಉಣ್ಣೆ, ಸುತ್ತಿದ ಸುತ್ತಿಗೆಯೊಂದು ಇರುತ್ತದೆ. ಬೆರಳು ಎಷ್ಟು ವೇಗವಾಗಿ ಇಳಿಯುತ್ತದೋ ಅಷ್ಟು ವೇಗವಾಗಿ ಅದು ಹಾರಿ ತಂತಿಗೆ ಬಡಿಯುತ್ತದೆ. 1700ರ ಹೊತ್ತಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಮಾಡಿದ ಹೊಸ ಕೆಲಸವೇ ಇದು. ಮೆಲುದನಿ, ಗಟ್ಟಿದನಿ ಎರಡೂ ಬೆರಳಿನಿಂದಲೇ ಬರಬೇಕು ಎಂದು ಅವನು ಕಟ್ಟಿದ ವಾದ್ಯಕ್ಕೆ ಪಿಯಾನೊಫೋರ್ಟೆ ಎಂಬ ಹೆಸರೇ ಉಳಿಯಿತು. ಪಿಯಾನೊ ಎಂದರೆ ಇಟಾಲಿಯನ್‌ನಲ್ಲಿ ಮೆಲ್ಲಗೆ, ಫೋರ್ಟೆ ಎಂದರೆ ಗಟ್ಟಿಯಾಗಿ.

ನಮ್ಮ ಕೀಬೋರ್ಡಿನಲ್ಲಿ ಸುತ್ತಿಗೆಯೂ ಇಲ್ಲ, ಭಾರವೂ ಇಲ್ಲ. ಪ್ಲಾಸ್ಟಿಕ್ ಕೀಲಿಯ ಅಡಿಯಲ್ಲಿ ಒಂದು ಸ್ಪ್ರಿಂಗ್. ಮೆಲ್ಲ ಮುಟ್ಟಿದರೂ ಗುದ್ದಿದರೂ ಅದೇ ಶಬ್ದ. ಒತ್ತಿದ ವೇಗವನ್ನು ಗುರುತಿಸುವ ಮಾದರಿಗಳೂ ಸಿಗುತ್ತವೆ, ನಮ್ಮದಕ್ಕೆ ಆ ಸೌಲಭ್ಯ ಇರಲಿಲ್ಲ.

ಮನೆಗೆ ಬಂದು ಮಾವನಿಗೆ ಇದನ್ನು ಹೇಳಿದೆ. ಅವರು ನಲವತ್ತು ವರ್ಷದಿಂದ ದೇವಸ್ಥಾನದ ಭಜನೆಗೆ ಹಾರ್ಮೋನಿಯಂ ನುಡಿಸುವವರು. ಮೊಮ್ಮಗಳ ಕೀಬೋರ್ಡನ್ನು ಅವರೇ ಪ್ರೀತಿಯಿಂದ ತಂದುಕೊಟ್ಟದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ನನ್ನ ಪೆಟ್ಟಿಗೆಯಲ್ಲಿ ಶಬ್ದ ಏರಿಸಿ ಇಳಿಸುವುದು ಗಾಳಿ ಹಾಕುವ ಕೈ. ಬೆರಳು ಸ್ವರದ ಮನೆ ತೆರೆಯುವುದಕ್ಕೆ ಮಾತ್ರ. ಪಿಯಾನೊಗೆ ಆ ಎಡಗೈ ಕೆಲಸವನ್ನೂ ಹತ್ತು ಬೆರಳೇ ಮಾಡಬೇಕು ಅಂತಲಾ?" ಟೀಚರ್ ಕೊಟ್ಟ ವಿವರಣೆಗಿಂತ ಇದು ನನಗೆ ಸ್ಪಷ್ಟವಾಯಿತು. ಅಂದಿನಿಂದ ಹುಡುಕಾಟದಲ್ಲಿ ನನ್ನ ಪ್ರಶ್ನೆ ಒಂದೇ ಆಯಿತು: ಈ ವಾದ್ಯ ಮಗುವಿನ ಬೆರಳಿಗೆ ಏನು ಕಲಿಸುತ್ತದೆ?

ಮೊದಲು ನೋಡಿದ್ದು ತಂತಿಗಳನ್ನು ನೆಟ್ಟಗೆ ಕಟ್ಟಿದ ಹಳೆಯ ಅಪ್‌ರೈಟ್ ಪಿಯಾನೊ. ಮಂಗಳೂರಿನ ಹಳೆಯ ಹೆಂಚಿನ ಮನೆಗಳಲ್ಲಿ ಇಂಥವು ಇನ್ನೂ ಅಲ್ಲಲ್ಲಿ ಇವೆ. ನುಡಿಸುತ್ತಿದ್ದವರು ತೀರಿಕೊಂಡಿದ್ದಾರೆ, ಮಕ್ಕಳು ಕೊಲ್ಲಿ ದೇಶಗಳಲ್ಲೋ ಕೆನಡಾದಲ್ಲೋ ಇದ್ದಾರೆ. ನಮಗೆ ತೋರಿಸಿದ ಪಿಯಾನೊದ ಕಪ್ಪು ಮರ ಹೊಳೆಯುತ್ತಿತ್ತು, ಹಿತ್ತಾಳೆಯ ಮೇಣದಬತ್ತಿ ಹಿಡಿಕೆಗಳೂ ಇದ್ದವು. ಬೆಲೆ ನಾವು ಅಂದುಕೊಂಡಿದ್ದಕ್ಕಿಂತ ಕಡಿಮೆ. ಮಗಳು ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ನನಗೂ ಮನಸ್ಸು ಆಗಿಹೋಗಿತ್ತು.

ಟೀಚರ್ ಒಂದೇ ಷರತ್ತು ಹಾಕಿದರು: ಪಿಯಾನೊ ಶ್ರುತಿ ಮಾಡುವ ಟ್ಯೂನರ್ ಬಂದು ನೋಡದೆ ಮುಂಗಡ ಕೊಡಬಾರದು. ಬೆಂಗಳೂರಿನಿಂದ ಬಂದು ನಾಲ್ಕೈದು ಮನೆಗಳ ಪಿಯಾನೊ ಒಟ್ಟಿಗೆ ನೋಡಿ ಹೋಗುವವರೊಬ್ಬರಿದ್ದರು, ಅವರಿಗಾಗಿ ಮೂರು ವಾರ ಕಾದೆವು. ಅವರು ಮಾಡಿದ ಪರೀಕ್ಷೆಯನ್ನು ವಿವರವಾಗಿ ಬರೆಯುತ್ತೇನೆ, ಹಳೆಯ ಪಿಯಾನೊ ನೋಡಲು ಹೋಗುವವರಿಗೆ ಬೇಕಾಗುತ್ತದೆ.

ಮುಂದಿನ ಹಲಗೆ ತೆಗೆದು ಟಾರ್ಚ್ ಹಿಡಿದರು. ಒಂದು ಪಿಯಾನೊದಲ್ಲಿ ಸುಮಾರು 230 ತಂತಿ ಇರುತ್ತವೆ. ಎಲ್ಲ ಸೇರಿ ಚೌಕಟ್ಟಿನ ಮೇಲೆ ಹದಿನೆಂಟು ಟನ್ನಿನ ಆಸುಪಾಸು ಎಳೆತ. ಮಂದ್ರದ ತಂತಿಗಳ ಮೇಲೆ ಸುತ್ತಿದ ತಾಮ್ರ ಹಸಿರು ಹಿಡಿದಿತ್ತು, ಮೇಲಿನ ಉಕ್ಕಿನ ತಂತಿಗಳಲ್ಲಿ ತುಕ್ಕು. ಸಮುದ್ರದ ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ಇನ್ನೇನಾದೀತು? ಮಧ್ಯದ ಎ ಸ್ವರ 440 ಹರ್ಟ್ಸ್ (ಸೆಕೆಂಡಿಗೆ 440 ಕಂಪನ) ಇರಬೇಕಾದಲ್ಲಿ ಫೋನಿನ ಆಪ್ 416 ತೋರಿಸಿತು, ಹತ್ತಿರ ಹತ್ತಿರ ಅರ್ಧ ಸ್ವರದಷ್ಟು ಕೆಳಗೆ. "ಎಳೆದು 440ಕ್ಕೆ ತರಬಹುದು. ಆದರೆ ತುಕ್ಕು ಹಿಡಿದ ತಂತಿ ಆ ಬಿಗಿ ತಡೆಯುವುದಿಲ್ಲ, ಒಂದೊಂದಾಗಿ ಕಡಿದು ಹೋಗ್ತದೆ" ಎಂದರು. ಟ್ಯೂನಿಂಗ್ ಪಿನ್ನೊಂದಕ್ಕೆ ಲಿವರ್ ಹಾಕಿ ತಿರುಗಿಸಿದರೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಪಿನ್ನನ್ನು ಹಿಡಿದ ಮರ ಸಡಿಲವಾದರೆ ಇಂದು ಶ್ರುತಿ ಮಾಡಿದ್ದು ನಾಳೆ ಇಳಿಯುತ್ತದೆ. ಕೀಗಳನ್ನು ಎತ್ತಿ ನೋಡಿದಾಗ ಅಡಿಯ ಫೆಲ್ಟನ್ನು ಇಲಿ ಕಡಿದು ಗೂಡು ಕಟ್ಟಿತ್ತು. ಹಿಂಬದಿಯ ಮರದಲ್ಲಿ ಗೆದ್ದಲಿನ ಗೆರೆ.

ಒಳಗಡೆ ಒಂದು ಮೂಲೆಯಲ್ಲಿ ಬಲ್ಬಿನ ಹೋಲ್ಡರ್ ಇತ್ತು. ಅದೇಕೆಂದು ಕೇಳಿದೆ. ಕರಾವಳಿಯಲ್ಲಿ ಹಿಂದೆ ಮಳೆಗಾಲವಿಡೀ ಪಿಯಾನೊದೊಳಗೆ ಸಣ್ಣ ಬಲ್ಬು ಉರಿಸಿಡುತ್ತಿದ್ದರಂತೆ, ಅದರ ಬಿಸಿಗೆ ತೇವ ಒಳಗೆ ಕೂರುವುದಿಲ್ಲ. ಈ ಮನೆಯವರು ಬಲ್ಬು ಹೋದ ಮೇಲೆ ಎಲ್‌ಇಡಿ ಹಾಕಿದ್ದರು. ಬೆಳಕು ಬರುತ್ತಿತ್ತು, ಒಳಗಿನ ಮರವನ್ನು ಒಣಗಿಸುವಷ್ಟು ಬಿಸಿ ಅದರಿಂದ ಬರುವುದಿಲ್ಲ. ಆ ಹೋಲ್ಡರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಯಾರೋ ಅದನ್ನು ಅಷ್ಟು ಜೋಪಾನ ಮಾಡಿದ್ದರು.

ಕೊನೆಗೆ ಅವರು ಜೇಬಿನಿಂದ ಹತ್ತು ರೂಪಾಯಿಯ ನಾಣ್ಯ ತೆಗೆದರು. ಒಂದರ ತೂಕ ಏಳೂಮುಕ್ಕಾಲು ಗ್ರಾಂ ಹತ್ತಿರ. ಬಲ ಪೆಡಲ್ ಒತ್ತಿ ಹಿಡಿದು, ನಡುವಿನ ಬಿಳಿ ಕೀಲಿಯ ಮುಂತುದಿಯಲ್ಲಿ ಒಂದರ ಮೇಲೊಂದು ಪೇರಿಸಿದರು. ಸರಿಯಾಗಿರುವ ಪಿಯಾನೊದಲ್ಲಿ ಆರೇಳು ನಾಣ್ಯಕ್ಕೆ, ಎಂದರೆ 50 ಗ್ರಾಂ ಆಸುಪಾಸಿಗೆ, ಕೀ ತಾನಾಗಿ ಮೆಲ್ಲನೆ ಇಳಿಯಬೇಕು. ಇಲ್ಲಿ ಒಂದು ಕೀ ನಾಲ್ಕಕ್ಕೇ ಕುಸಿಯಿತು, ಪಕ್ಕದ್ದು ಹತ್ತಿಟ್ಟರೂ ಅಲ್ಲಾಡಲಿಲ್ಲ. ಏಳು ವರ್ಷದ ಮಗು ಅಂಥ ಕೀಗಳ ಮೇಲೆ ಬೆರಳಿನ ಹದ ಕಲಿಯಲಾರದು. ನಾವು ಅದನ್ನು ಬಿಟ್ಟೆವು.

ಹೊಸ ಅಪ್‌ರೈಟ್ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಇದ್ದಿದ್ದರೂ ಇನ್ನೂರು ಕಿಲೋ ಮೀರಿದ ಪೆಟ್ಟಿಗೆಯನ್ನು ನಮ್ಮ ಮೂರನೇ ಮಹಡಿಗೆ ಹತ್ತಿಸಬೇಕು, ವರ್ಷಕ್ಕೆರಡು ಸಲ ಶ್ರುತಿ ಮಾಡಿಸಬೇಕು, ಮಳೆಗಾಲದಲ್ಲಿ ತೇವ ತಡೆಯುವ ಯಂತ್ರ ಓಡಿಸಬೇಕು. ಹಾಗಾಗಿ ತಂತಿಯಿಲ್ಲದೆ ವಿದ್ಯುತ್ತಿನಿಂದ ಶಬ್ದ ಕೊಡುವ ಡಿಜಿಟಲ್ ಪಿಯಾನೊ.

ಹುಡುಕುವಾಗ ಮೊದಲು ಇಟ್ಟುಕೊಂಡ ಲೆಕ್ಕ 88 ಕೀ, ಬಿಳಿ 52, ಕಪ್ಪು 36. ಎರಡನೆಯದು, ಪ್ರತಿ ಕೀಲಿಗೂ ನಿಜವಾದ ಸುತ್ತಿಗೆಯ ಭಾರ ಇರಬೇಕು, ಎಡಗಡೆ ಹೆಚ್ಚು, ಬಲಗಡೆಗೆ ಹೋದಂತೆ ಕಡಿಮೆ. ಇದನ್ನೇ ಗ್ರೇಡೆಡ್ ಹ್ಯಾಮರ್ ಆ್ಯಕ್ಷನ್ ಎನ್ನುತ್ತಾರೆ. ಅಂಗಡಿಯವರು ಕೆಲವೊಮ್ಮೆ 'ಸೆಮಿ ವೇಟೆಡ್' ಎಂಬುದನ್ನು ಅದೇ ದನಿಯಲ್ಲಿ ಹೇಳಿಬಿಡುತ್ತಾರೆ. ಅದರಲ್ಲಿ ಸುತ್ತಿಗೆ ಇರುವುದಿಲ್ಲ, ಸ್ಪ್ರಿಂಗ್ ಬಿಗಿ ಮಾತ್ರ. ಇಲ್ಲಿ ನಾಣ್ಯದ ಪರೀಕ್ಷೆಯೊಂದನ್ನೇ ನಂಬಬೇಡಿ, ಬಿಗಿ ಸ್ಪ್ರಿಂಗೂ ಏಳು ನಾಣ್ಯ ಕೇಳಬಹುದು. ವ್ಯತ್ಯಾಸ ತಿಳಿಯುವುದು ಕೀ ಒತ್ತಿ ಬಿಡುವಾಗ. ಸ್ಪ್ರಿಂಗ್ ಕೆಳಗಿಳಿದಷ್ಟೂ ಬಿಗಿಯಾಗಿ ಬೆರಳನ್ನು ಮೇಲಕ್ಕೆ ದೂಡುತ್ತದೆ. ಸುತ್ತಿಗೆಯುಳ್ಳದ್ದು ಶುರುವಿನಲ್ಲಿ ಭಾರವೆನಿಸಿ, ಒಮ್ಮೆ ಚಲಿಸಿದ ಮೇಲೆ ಬೆರಳಿನ ಜೊತೆಗೇ ಇಳಿಯುತ್ತದೆ, ತೂಗುವ ಬಾಗಿಲು ದೂಡಿದ ಹಾಗೆ.

ನಮ್ಮ ಪಟ್ಟಿಯಲ್ಲಿ ಯಮಾಹ ಪಿ-45, ರೋಲಂಡ್ ಎಫ್‌ಪಿ-10, ಕ್ಯಾಸಿಯೊದ ಸಿಡಿಪಿ ಸಾಲಿನ ಒಂದು, ಹೀಗೆ ಮೂರು ಉಳಿದವು. ಅಂಗಡಿಯಲ್ಲಿ ನಾನು ಮೊದಲು ಮಾಡಿದ್ದು ವಾಲ್ಯೂಮ್ ಪೂರ್ತಿ ಇಳಿಸಿ, ಶಬ್ದವಿಲ್ಲದೆ ನುಡಿಸಲು ಮಗಳಿಗೆ ಹೇಳಿದ್ದು. ಇಂಪಾದ ಶಬ್ದ ಕಿವಿಗೆ ಬಿದ್ದರೆ ಬೆರಳಿನ ತಕರಾರು ಮರೆತುಹೋಗುತ್ತದೆ. ಅವಳು ಕಣ್ಣು ಮುಚ್ಚಿ ನುಡಿಸಿದಳು, ನಾನು ಅವಳ ಹೆಗಲನ್ನೇ ನೋಡುತ್ತಿದ್ದೆ. ಆಮೇಲೆ ಶಬ್ದ ಏರಿಸಿ, ಒಂದೇ ಸ್ವರವನ್ನು ಅತಿ ಮೆಲ್ಲನೆಯಿಂದ ಅತಿ ಜೋರಿನವರೆಗೆ ಹತ್ತು ಸಲ ಒತ್ತಿಸಿದೆ, ಹತ್ತೂ ಬೇರೆ ಬೇರೆ ಕೇಳಬೇಕು. ಸ್ವರ ಹಿಡಿದಿಡುವ ಪೆಡಲ್ ಒತ್ತಿ ಎರಡೂ ಕೈಯಲ್ಲಿ ಸ್ವರ ಪೇರಿಸಿ, ಹಳೆಯವು ನಡುವೆ ಕಡಿದು ಹೋಗುತ್ತವೆಯೇ ಎಂದು ಕೇಳಿದೆವು. ಒಟ್ಟಿಗೆ ಎಷ್ಟು ಸ್ವರ ನುಡಿಯಬಲ್ಲದು ಎಂದು ಹೇಳುವ, ಪಾಲಿಫೋನಿ ಎಂದು ಬರೆದಿರುವ ಅಂಕಿ ಇದೇ, ಪಿ-45ಕ್ಕೆ 64, ಎಫ್‌ಪಿ-10ಕ್ಕೆ 96. ಮೊದಲ ಕೆಲವು ವರ್ಷದ ಪಾಠಗಳಿಗೆ 64 ಸಾಕು. ನೂರಾರು ತಾಳ, ನಾದಸ್ವರದ ದನಿ, ಬಣ್ಣದ ದೀಪ ಯಾವುದೂ ಬೇಕಿರಲಿಲ್ಲ. ಅವು ಕಡಿಮೆಯಿದ್ದಷ್ಟೂ ಮಗು ಪಾಠಕ್ಕೆ ಬೇಗ ಕೂರುತ್ತದೆ.

ಇಬ್ಬರು ಅಂಗಡಿಯವರು "ಪರೀಕ್ಷೆಗೂ ಕೀಬೋರ್ಡ್ ಸಾಕು ಮೇಡಂ" ಎಂದರು. ಟ್ರಿನಿಟಿ ಕಾಲೇಜ್ ಲಂಡನ್‌ನ ಸಂಗೀತ ಪರೀಕ್ಷೆಗಳಲ್ಲಿ ಪಿಯಾನೊ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆ, ಪಠ್ಯವೂ ಬೇರೆ. ಮಗು ಯಾವುದನ್ನು ಕಲಿಯುತ್ತಿದೆ ಎಂದು ಟೀಚರ್ ಹತ್ತಿರ ಮೊದಲೇ ಕೇಳಿಕೊಂಡು ಅಂಗಡಿಗೆ ಹೋಗಿ.

ಮಗಳ ಹೆಗಲು ಇಳಿದೇ ಇದ್ದದ್ದು ಪಿ-45ರಲ್ಲಿ. ಉಳಿದೆರಡು ಕೀಳು ಎಂದಲ್ಲ, ಟೀಚರ್‌ಗೆ ರೋಲಂಡಿನ ಕೀಗಳೇ ಹೆಚ್ಚು ಹಿಡಿಸಿದ್ದವು. ಅವಳ ಕೈಗೆ ಇದು ಒಗ್ಗಿತು. ಸ್ಟ್ಯಾಂಡ್, ಬೆಂಚು ಸೇರಿ ಐವತ್ತು ಸಾವಿರದ ಆಸುಪಾಸು ಆಯಿತು. ಹನ್ನೊಂದೂವರೆ ಕಿಲೋ, ನನ್ನ ಗಂಡ ಒಬ್ಬರೇ ಮೇಲೆ ಹೊತ್ತು ತಂದರು. ಆ ಮಾದರಿಯ ಜಾಗಕ್ಕೆ 2023ರಲ್ಲಿ ಪಿ-145 ಬಂದಿದೆ.

ತಪ್ಪು ಮಾಡಿದ್ದು ಸ್ಟ್ಯಾಂಡಿನಲ್ಲಿ. ಅಗ್ಗವೆಂದು ಕತ್ತರಿ ಆಕಾರದ ಸ್ಟ್ಯಾಂಡ್ ತಂದೆ. ಮಗಳು ಜೋರಾಗಿ ನುಡಿಸಿದರೆ ವಾದ್ಯ ಅಲುಗುತ್ತಿತ್ತು, ಅಲುಗುವ ವಾದ್ಯದ ಮೇಲೆ ಮಗು ಪೂರ್ತಿ ಭಾರ ಬಿಡಲು ಹಿಂಜರಿಯುತ್ತದೆ. ಎರಡೇ ತಿಂಗಳಲ್ಲಿ ಬಡಗಿಯಿಂದ ಮರದ ಸ್ಟ್ಯಾಂಡ್ ಮಾಡಿಸಿದೆವು. ಟೀಚರ್ ಬಂದು ಬೆಂಚಿನ ಎತ್ತರ ಸರಿ ಮಾಡಿದರು: ಮೊಣಕೈ ಕೀಲಿಯ ಮಟ್ಟಕ್ಕೆ ಬರಬೇಕು. ಹಾಗೆ ಕೂತರೆ ಅವಳ ಕಾಲು ನೆಲಕ್ಕೆ ಸಿಗುವುದಿಲ್ಲ. ತೂಗಾಡುವ ಕಾಲಿನಲ್ಲಿ ಬೆನ್ನು ನಿಲ್ಲದು ಎಂದು ಅಡುಗೆಮನೆಯ ಮಣೆಯನ್ನೇ ಕಾಲಡಿ ಇಟ್ಟರು. ಈಗಲೂ ಅದೇ ಮಣೆ. ಟೈಲ್ಸಿನ ಮೇಲೆ ಪೆಡಲ್ ಜಾರದಂತೆ ಅಡಿಗೆ ರಬ್ಬರ್ ಮ್ಯಾಟ್ ಹಾಕಿದ್ದೇವೆ.

ಮಳೆಗಾಲಕ್ಕೆ ನಮ್ಮದೊಂದು ಕ್ರಮ ಇದೆ. ಹೊರಗೋಡೆಗೆ ತಾಗಿಸದೆ ಒಳಗೋಡೆಯ ಬದಿಗೆ ಇಟ್ಟಿದ್ದೇವೆ, ನುಡಿಸಿದ ಮೇಲೆ ಒಣ ಹತ್ತಿಬಟ್ಟೆ ಹೊದಿಸುತ್ತೇವೆ. ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತುಬಿಡುವುದು, ಸ್ವಿಚ್ ಆರಿಸಿದರೆ ಸಿಡಿಲಿಗೆ ಸಾಲದು. ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಧಾರಾಳವಾಗಿ ನಡೆಯುತ್ತದೆ.

ಮಾವನ ಭಜನೆ ಗೆಳೆಯರು ಮನೆಗೆ ಬಂದಾಗ ಒಬ್ಬರು, "ನಮ್ಮ ಮಕ್ಕಳಿಗೆ ಪಿಯಾನೊ ಎಂತಕ್ಕೆ?" ಎಂದರು. ಮಾವನೇ ಉತ್ತರ ಕೊಟ್ಟರು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಪಿಯಾನೊ ಕಲಿತವರು, ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ತನ್ನ ಕೃತಿಗಳನ್ನು ರೆಕಾರ್ಡ್ ಮಾಡಲು ಹಣ ಕೊಟ್ಟವರು. ಮೆಟ್ನರ್ ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದಕ್ಕೆ ಬರೆದ ಕೃತಿ) ಅವರಿಗೇ ಅರ್ಪಿಸಿದ. ಅದೇ ಅರಸರು 'ಶ್ರೀವಿದ್ಯಾ' ಅಂಕಿತದಲ್ಲಿ 94 ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದ್ದಾರೆ. ಇದನ್ನೆಲ್ಲ ಮಾವ ಯಾವಾಗ ಓದಿಕೊಂಡಿದ್ದರೋ ನನಗೆ ಗೊತ್ತಿರಲಿಲ್ಲ.

ಈಗ ಗುರುವಾರ ಸಂಜೆ ಅಜ್ಜ ಮೊಮ್ಮಗಳು ಒಟ್ಟಿಗೆ ಕೂರುತ್ತಾರೆ. ಮೊದಲ ದಿನ ಎರಡು ವಾದ್ಯ ಸೇರಲೇ ಇಲ್ಲ, ಏನೋ ಕಚ್ಚಿದಂತೆ ಕೇಳುತ್ತಿತ್ತು. ಆಪ್ ಹಿಡಿದು ನೋಡಿದರೆ ಮಾವನ ಹಳೆಯ ಹಾರ್ಮೋನಿಯಂ 443ರಲ್ಲಿದೆ. ಅದರ ರೀಡನ್ನು ಕೆರೆಯಲು ಅವರು ಒಪ್ಪಲಿಲ್ಲ. ಡಿಜಿಟಲ್ ಪಿಯಾನೊದ ಶ್ರುತಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಬಹುದು ಎಂದು ಕೈಪಿಡಿ ನೋಡಿ ಕಲಿತೆ. ಗುರುವಾರ 443ಕ್ಕೆ ಏರಿಸಿ, ಶುಕ್ರವಾರ ಮಗಳು ಪಾಠಕ್ಕೆ ಕೂರುವ ಮೊದಲು 440ಕ್ಕೆ ಇಳಿಸುವ ಕೆಲಸ ನನ್ನದು. ಒಂದು ವಾರ ಮರೆತಿದ್ದೆ. ಶನಿವಾರ ತರಗತಿಯಿಂದ ಬಂದವಳೇ, "ಟೀಚರ್ ಪಿಯಾನೊ ಇವತ್ತು ಕೆಳಗೆ ಇತ್ತು ಅಮ್ಮ" ಎಂದಳು.