ಜರ್ಮನಿ ಆಫರ್ ಬಂದರೆ ಸೈನ್ ಹಾಕುವ ಮೊದಲು ಮನೆಮಂದಿಯ ಲೆಕ್ಕ

"ಅಕ್ಕಾ, ಜರ್ಮನಿ ಆಫರ್ ಬಂತು, ಸೈನ್ ಹಾಕಲಾ?" ಅಂತ ದಾವಣಗೆರೆ ಕಡೆಯ ಹುಡುಗರು ಫೋನ್ ಮಾಡುತ್ತಲೇ ಇರುತ್ತಾರೆ. ಸಂಬಳ ಎಷ್ಟು ಅಂತ ನಾನು ಕೊನೆಗೆ ಕೇಳುತ್ತೇನೆ. ಕಾಂಟ್ರಾಕ್ಟ್ ಕಾಯಂ ಕೆಲಸದ್ದಾ, ಎರಡು ವರ್ಷದ್ದಾ? ಮಗುವಿಗೆ ವಯಸ್ಸೆಷ್ಟು? ಊರಲ್ಲಿ ಅಪ್ಪ ಅಮ್ಮನ ಹತ್ತಿರ ಯಾರಿದ್ದಾರೆ? ಮೊದಲು ಇವಕ್ಕೆ ಉತ್ತರ ಬೇಕು.

ನಾನು ಸ್ಟುಟ್‌ಗಾರ್ಟ್ ಹತ್ತಿರ ಎಂಬೆಡೆಡ್ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮ ಮನೆಯಲ್ಲಿ ಆಫರ್ ಬಂದದ್ದು ನನಗೆ, ಡಿಪೆಂಡೆಂಟ್ ಆಗಿ ಬಂದವರು ಗಂಡ ಮತ್ತು ಮಗಳು. ಕಾನೂನಿಗೆ ಅದರಲ್ಲಿ ಏನೂ ವ್ಯತ್ಯಾಸವಿಲ್ಲ. ನೆಂಟರಿಗಿತ್ತು, ಅದು ಬೇರೆ ಮಾತು.

ಕುಟುಂಬ ಇರುವವರು ಕೇಳಬೇಕಾದದ್ದು ಬ್ಲೂ ಕಾರ್ಡ್, ಅಂದರೆ ಓದಿದವರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ. 2026ರಲ್ಲಿ ಅದಕ್ಕೆ ವರ್ಷಕ್ಕೆ ಕನಿಷ್ಠ 50,700 ಯೂರೋ ಸಂಬಳ ಬೇಕು. ಇಂಜಿನಿಯರಿಂಗ್, ಐಟಿ, ವೈದ್ಯಕೀಯದಂಥ ಕೊರತೆಯ ಕೆಲಸಗಳಿಗೆ 45,934 ಯೂರೋ 20 ಸೆಂಟ್. ಈ ಮಿತಿಯನ್ನು ಪ್ರತಿ ಜನವರಿಯಲ್ಲಿ ಹೊಸದಾಗಿ ನಿಗದಿ ಮಾಡುತ್ತಾರೆ, ಹಾಗಾಗಿ ಅಂಚಿನಲ್ಲಿರುವ ಆಫರ್ ಆದರೆ ಇನ್ನೊಂದು ಸಾವಿರ ಕೇಳಿ ಬರೆಸಿಕೊಳ್ಳಿ. ನಿಮ್ಮ ಪದವಿಗೆ ಜರ್ಮನಿಯಲ್ಲಿ ಮಾನ್ಯತೆ ಇದೆಯಾ ಅಂತ ಅನಾಬಿನ್ ಡೇಟಾಬೇಸ್‌ನಲ್ಲಿ ನೋಡಿ. ವಿಟಿಯುನವರು ಕಾಲೇಜಿನ ಹೆಸರಲ್ಲ, ವಿಶ್ವವಿದ್ಯಾಲಯದ ಹೆಸರು ಹುಡುಕಬೇಕು. ಬ್ಲೂ ಕಾರ್ಡ್‌ನವರ ಗಂಡ ಅಥವಾ ಹೆಂಡತಿಗೆ ವೀಸಾಕ್ಕೆ ಜರ್ಮನ್ ಪರೀಕ್ಷೆ ಬೇಡ, ಬಂದಮೇಲೆ ಯಾವ ಕೆಲಸವನ್ನಾದರೂ ಮಾಡಬಹುದು. ಪರೀಕ್ಷೆ ಬೇಡ ಅಂದ ಮಾತ್ರಕ್ಕೆ ಭಾಷೆ ಬೇಡ ಅಂತಲ್ಲ. ಬ್ಲೂ ಕಾರ್ಡ್‌ನವರಿಗೆ ಕಾಯಂ ವಾಸದ ಪರವಾನಗಿ ಎ1, ಅಂದರೆ ಆರಂಭದ ಮಟ್ಟದ ಜರ್ಮನ್ ಇದ್ದರೆ 27 ತಿಂಗಳಿಗೆ, ಮಧ್ಯಮ ಮಟ್ಟದ ಬಿ1 ಇದ್ದರೆ 21 ತಿಂಗಳಿಗೇ ಸಿಗುತ್ತದೆ.

ನಮ್ಮ ಕಡೆಯವರಿಗೆ ದೊಡ್ಡ ತಲೆನೋವು ಸಂಬಳವಲ್ಲ, ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಮಗಳ ಜನನ ಪತ್ರದಲ್ಲಿ ತಾಯಿ ಬರೀ "ಸುಮ". ನಮಗೆ ಒಬ್ಬಳೇ ಸುಮ. ಕೌಂಟರ್ ಆಚೆ ಕೂತವರಿಗೆ ನಾಲ್ವರು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅರ್ಜಿ ಹಾಕುವ ಮೊದಲೇ ತುಂಬಿಸಿ, ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಿ. ಆಸ್ಪತ್ರೆಯಿಂದ ನೇರ ಬಂದ ಜನನ ಪತ್ರದಲ್ಲಿ ಮಗುವಿನ ಹೆಸರೇ ಇರುವುದಿಲ್ಲ ಎಷ್ಟೋ ಸಲ. ನಗರಸಭೆಗೋ ಪಂಚಾಯಿತಿಗೋ ಹೋಗಿ ಸೇರಿಸಿ. ಮದುವೆ ನೋಂದಣಿ ಆಗಿರದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೋ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲೋ ಈಗಲೇ ಮಾಡಿಸಿ. ಲಗ್ನಪತ್ರಿಕೆ, ಆಲ್ಬಮ್ ಇವು ಪೂರಕ, ಸಾಕ್ಷಿಯಲ್ಲ. ಅಪೊಸ್ಟಿಲ್, ಅಂದರೆ ದಾಖಲೆ ಅಸಲಿ ಅಂತ ವಿದೇಶಕ್ಕಾಗಿ ಹಾಕುವ ಸರ್ಕಾರಿ ಮುದ್ರೆ, ಮಾಡಿಸಿಕೊಡುತ್ತೇವೆ ಅಂತ ಏಜೆಂಟರು ಹಣ ಕೇಳುತ್ತಾರೆ. ಭಾರತದ ಅಪೊಸ್ಟಿಲ್ ಅನ್ನು ಜರ್ಮನಿ ಒಪ್ಪುವುದಿಲ್ಲ, ಆ ಖರ್ಚು ದಂಡ. ಬೆಂಗಳೂರಿನ ಕಾನ್ಸುಲೇಟ್‌ನ ಪಟ್ಟಿಯಲ್ಲಿ ಏನು ಕೇಳಿದ್ದಾರೋ ಅದನ್ನಷ್ಟೇ ಕೊಡಿ. ವೀಸಾ ಶುಲ್ಕ ದೊಡ್ಡವರಿಗೆ 75 ಯೂರೋ, ಮಕ್ಕಳಿಗೆ 37.50.

ಎಲ್ಲರೂ ಒಟ್ಟಿಗೆ ಹೋಗುವುದೋ, ಒಬ್ಬರು ಮುಂಚೆಯೋ? ಅರ್ಜಿ ಒಟ್ಟಿಗೆ ಹಾಕಿ, ವಿಮಾನ ಬೇರೆ ಬೇರೆ ಹತ್ತಿ ಅನ್ನುವುದು ನನ್ನ ಅಭಿಪ್ರಾಯ. ಮೊದಲ ಆರು ತಿಂಗಳು ಸಾಮಾನ್ಯವಾಗಿ ಪ್ರೊಬೇಷನ್. ಆಗ ಎರಡೇ ವಾರದ ನೋಟಿಸ್‌ನಲ್ಲಿ ಕಂಪನಿ ಮನೆಗೆ ಕಳಿಸಬಹುದು. ಊರಲ್ಲಿರುವ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಅದೇ ವಾರ ರಾಜೀನಾಮೆ ಕೊಡಬೇಡಿ. ಮನೆಯವರ ವೀಸಾದ ಕೊನೆಯ ದಿನಾಂಕ ನೋಡಿಕೊಂಡು, ಅದರೊಳಗೆ ಎಷ್ಟು ತಡಮಾಡಬಹುದೋ ಅಷ್ಟು ಮಾಡಿ. ಅಷ್ಟರಲ್ಲಿ ಮುಂಚೆ ಬಂದವರು ಮನೆ ಹುಡುಕಬೇಕು. ಅಡ್ವಾನ್ಸ್ ಮೂರು ತಿಂಗಳ ಮೂಲ ಬಾಡಿಗೆಯವರೆಗೂ ಕೇಳಬಹುದು. ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದರೆ ನಾಲ್ಕು ಗೋಡೆ, ಒಂದು ನಲ್ಲಿ. ಸಿಂಕು, ಒಲೆ, ಕಪಾಟು ನೀವೇ ತರಬೇಕು. ಸಂಬಳ ಏರಿಸಲು ಒಪ್ಪದ ಎಚ್‌ಆರ್, ಮನೆಯವರ ಟಿಕೆಟ್ಟಿಗೂ ಮೊದಲ ಕೆಲ ವಾರಗಳ ವಸತಿಗೂ ಹೂಂ ಅನ್ನುವುದುಂಟು. ಆ ವಸತಿಯಲ್ಲಿ ವಿಳಾಸ ನೋಂದಣಿ, ಅಂದರೆ ಅನ್‌ಮೆಲ್ಡುಂಗ್, ಮಾಡಲು ಬಿಡುತ್ತಾರಾ ಅಂತ ಕೇಳಿಕೊಳ್ಳಿ. ಬಿಡದಿದ್ದರೆ ಮುಂದಿನ ಕೆಲಸಗಳೆಲ್ಲ ಅಲ್ಲೇ ನಿಲ್ಲುತ್ತವೆ.

ಸಂಬಳ ವರ್ಷಕ್ಕೆ 50,000 ಯೂರೋ ಅಂದರೆ, ಒಬ್ಬರೇ ಇರುವಾಗ ಟ್ಯಾಕ್ಸ್ ಕ್ಲಾಸ್ 1ರಲ್ಲಿ, ಅಂದರೆ ಒಂಟಿಯಾಗಿರುವವರ ತೆರಿಗೆ ವರ್ಗದಲ್ಲಿ, ತಿಂಗಳಿಗೆ ಸುಮಾರು 2,700 ಕೈಗೆ ಬರುತ್ತದೆ. ಸಂಗಾತಿ ಬಂದು, ನಿಮ್ಮನ್ನು ಕ್ಲಾಸ್ 3ಕ್ಕೆ ಬದಲಾಯಿಸಿಕೊಂಡರೆ ಸುಮಾರು 3,000. ಮಗುವಿಗೆ ಕಿಂಡರ್‌ಗೆಲ್ಡ್, ಅಂದರೆ ಸರ್ಕಾರ ಕೊಡುವ ಮಕ್ಕಳ ಭತ್ಯೆ, ತಿಂಗಳಿಗೆ 259 ಯೂರೋ. ಆರೋಗ್ಯ ವಿಮೆಯಲ್ಲಿ ಮಾತ್ರ ಆಸೆಗೆ ಬೀಳಬೇಡಿ. ಸಂಬಳ ವರ್ಷಕ್ಕೆ 77,400 ದಾಟಿದರೆ ಖಾಸಗಿ ವಿಮೆಗೆ ಹೋಗಬಹುದು, ಒಂಟಿ ಯುವಕನಿಗೆ ಅದು ಅಗ್ಗ. ಕುಟುಂಬಕ್ಕೆ ಸಾರ್ವಜನಿಕ ವಿಮೆಯೇ ಸರಿ: ದುಡಿಯದ ಸಂಗಾತಿ, ಮಕ್ಕಳು ನಿಮ್ಮ ಕಂತಿನಲ್ಲೇ ಬರುತ್ತಾರೆ. ಖಾಸಗಿಯಲ್ಲಿ ತಲೆಗೊಂದು ಕಂತು, ವಾಪಸ್ ಬರುವುದೂ ಕಷ್ಟ.

ಮಗುವಿಗೆ ಒಂದು ವರ್ಷ ತುಂಬಿದರೆ ಕಿಟಾದಲ್ಲಿ, ಅಂದರೆ ಶಿಶುವಿಹಾರದಲ್ಲಿ, ಸೀಟು ಕಾನೂನುಬದ್ಧ ಹಕ್ಕು, 2013ರಿಂದ. ಹಕ್ಕಿದೆ, ಸೀಟಿಲ್ಲ. ವಿಳಾಸ ಸಿಕ್ಕ ದಿನವೇ ಹೆಸರು ಬರೆಸಿ. ಸೀಟು ಸಿಕ್ಕಮೇಲೂ ಮಗುವನ್ನು ಬಾಗಿಲಲ್ಲಿ ಬಿಟ್ಟು ಆಫೀಸಿಗೆ ಓಡುವ ಹಾಗಿಲ್ಲ. ಮೊದಲ ದಿನ ಒಂದೇ ಗಂಟೆ, ಅಪ್ಪನೋ ಅಮ್ಮನೋ ಮೂಲೆಯಲ್ಲಿ ಕೂತಿರಬೇಕು. ನನ್ನ ಗಂಡ ಮೊಣಕಾಲೆತ್ತರದ ಆ ಪುಟ್ಟ ಕುರ್ಚಿಯಲ್ಲಿ ಮಂಡಿ ಎದೆಗೊತ್ತಿಕೊಂಡು ವಾರಗಟ್ಟಲೆ ಕೂತರು; ಮಗಳು ತಿರುಗಿ ನೋಡಿದಾಗೆಲ್ಲ ನಗಬೇಕು, ಆದರೆ ಕರೆಯಬಾರದು ಅಂತ ಟೀಚರ್ ಅಪ್ಪಣೆ. ಹಾಗಾಗಿ ಸಂಗಾತಿಯ ಹೊಸ ಕೆಲಸದ ದಿನಾಂಕವನ್ನು ಇದಾದಮೇಲೆ ಇಟ್ಟುಕೊಳ್ಳಿ. ಇನ್ನು ಶಾಲೆ. ಮಗುವಿಗೆ ಆರು ವರ್ಷ ತುಂಬುವುದರೊಳಗೆ ಕರೆತರುವುದು ಸುಲಭ. ಬಹುಪಾಲು ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸ್ ಮುಗಿಯುತ್ತಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುತ್ತಾರೆ. ಒಂಬತ್ತಕ್ಕೆ ಬಂದ ಮಗುವಿಗೆ ಅಷ್ಟರಲ್ಲಿ ಭಾಷೆ ಹತ್ತಬೇಕು.

ಮಗು ಆಗಬೇಕು ಅಂತಿರುವವರು ಕಾಂಟ್ರಾಕ್ಟನ್ನು ಇನ್ನೊಮ್ಮೆ ಓದಿ. ಗರ್ಭಿಣಿಯನ್ನು ಪ್ರೊಬೇಷನ್‌ನಲ್ಲೂ ಸುಲಭವಾಗಿ ತೆಗೆಯುವಂತಿಲ್ಲ. ಆದರೆ ಅವಧಿಯ ಕಾಂಟ್ರಾಕ್ಟ್ ತನ್ನ ದಿನಾಂಕಕ್ಕೆ ತಾನೇ ಮುಗಿಯುತ್ತದೆ, ಹೊಟ್ಟೆಯಲ್ಲಿ ಮಗುವಿದ್ದರೂ. ಹೆರಿಗೆಗೆ ಮುಂಚೆ ಆರು ವಾರ, ಆಮೇಲೆ ಎಂಟು ವಾರ ರಜೆ, ಸಂಬಳ ಪೂರ್ತಿ. ಆಮೇಲಿನ ಎಲ್ಟರ್ನ್‌ಗೆಲ್ಡ್, ಅಂದರೆ ಮಗು ನೋಡಿಕೊಳ್ಳುವ ಹೆತ್ತವರಿಗೆ ಸರ್ಕಾರ ಕೊಡುವ ಭತ್ಯೆ, ಹಿಂದಿನ 12 ತಿಂಗಳ ನಿವ್ವಳ ಆದಾಯದ ಮೇಲೆ ನಿಂತಿದೆ. ಸಾಮಾನ್ಯವಾಗಿ ಅದರ ಮೂರನೇ ಎರಡು ಭಾಗ, 300ರಿಂದ 1,800 ಯೂರೋ ಒಳಗೆ. ಬಂದ ಮೂರನೇ ತಿಂಗಳಿಗೇ ಹೆತ್ತರೆ ಇಲ್ಲಿಯ ಆದಾಯವೇ ಇರುವುದಿಲ್ಲ, ಕನಿಷ್ಠದ ಹತ್ತಿರ ನಿಲ್ಲುತ್ತದೆ. ಹೆರುವವರೇ ದುಡಿಯುವವರಾದರೆ ಕ್ಲಾಸ್ 3 ಅವರ ಹೆಸರಲ್ಲಿರಲಿ, ಮೊದಲೇ. ನಿವ್ವಳ ಹೆಚ್ಚಿದ್ದರೆ ಈ ಭತ್ಯೆಯೂ ಹೆಚ್ಚು.

ಅಪ್ಪ ಅಮ್ಮನಿಗೆ "ನಿಮ್ಮನ್ನೂ ಕರೆಸಿಕೊಳ್ಳುತ್ತೇವೆ" ಅಂತ ಮಾತು ಕೊಡಬೇಡಿ. 2024ರ ಮಾರ್ಚ್ 1ರಂದು ಅಥವಾ ಅದರ ನಂತರ ಮೊದಲ ಪರವಾನಗಿ ಪಡೆದ ನುರಿತ ಕೆಲಸಗಾರರ ತಂದೆತಾಯಿಗೆ ಹೊಸ ಕಾನೂನು ಬಾಗಿಲು ತೆರೆದಿದೆ, ನಿಜ. ಆದರೆ ಅವರ ಖರ್ಚು, ಆರೋಗ್ಯ ವಿಮೆ ಎರಡನ್ನೂ ನೀವೇ ತೋರಿಸಬೇಕು, ಎಪ್ಪತ್ತು ದಾಟಿದ ಸಕ್ಕರೆ ಕಾಯಿಲೆಯವರಿಗೆ ವಿಮೆ ಸಿಗುವುದೇ ದುಸ್ತರ.

ಬಾಣಂತನಕ್ಕೆ ಬರುವ ಅಮ್ಮಂದಿರದ್ದು ಷೆಂಗೆನ್ ವೀಸಾ, ಅಂದರೆ ಅಲ್ಪಾವಧಿ ಭೇಟಿಯ ವೀಸಾ, 180 ದಿನಗಳಲ್ಲಿ 90 ದಿನ ಮಾತ್ರ. ಇಬ್ಬರನ್ನೂ ಒಟ್ಟಿಗೆ ಕರೆಸಬೇಡಿ. ಹೆರಿಗೆ ದಿನಕ್ಕೆ ಎರಡು ವಾರ ಮುಂಚೆ ಒಬ್ಬರು ಬರಲಿ, ಅವರು ಹೊರಡುವ ವಾರ ಇನ್ನೊಬ್ಬರು. ವೀಸಾ ಅರ್ಜಿಯನ್ನು ಆರು ತಿಂಗಳು ಮುಂಚಿನಿಂದಲೇ ಹಾಕಬಹುದು, 30,000 ಯೂರೋ ಪ್ರಯಾಣ ವಿಮೆ ಕಡ್ಡಾಯ. ಅವರ ಬಿಪಿ, ಸಕ್ಕರೆ ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇಡಿ. ಮನೆಗೇ ಬಂದು ಬಾಣಂತಿ, ಮಗುವನ್ನು ನೋಡುವ ಹೆಬಾಮೆ ಅನ್ನುವ ಸೂಲಗಿತ್ತಿಯ ಖರ್ಚು ಸಾರ್ವಜನಿಕ ವಿಮೆಯದ್ದೇ. ಅವರು ಸಿಗುವುದು ಕಷ್ಟ, ಗರ್ಭ ನಿಂತದ್ದು ಖಚಿತವಾದ ವಾರವೇ ಫೋನ್ ಮಾಡಿ ಹಿಡಿದುಕೊಳ್ಳಿ.