ಎಂಟು ಬಾಗು, ಒಂದೇ ಪೈಪು: ಹಿಂಗಾಲಿಲ್ಲದ ಕುರ್ಚಿ ನಿಂತದ್ದು

ವಿನ್ಯಾಸದ ಇತಿಹಾಸದ ತರಗತಿಯಲ್ಲಿ ಉಕ್ಕಿನ ಪೈಪಿನಿಂದ ಹಿಂಗಾಲಿಲ್ಲದ ಕುರ್ಚಿ ಮಾಡಿದ ವಿನ್ಯಾಸಕಾರರು ಬ್ರಾಯರ್, ಮಾರ್ಟ್ ಸ್ಟಾಮ್ ಎಂದು ಸ್ಲೈಡ್ ತೋರಿಸಿದರೆ ಹುಡುಗರು ಇಸವಿ ಬರೆದುಕೊಳ್ಳುತ್ತಾರೆ, ಅಷ್ಟೇ. ಅದೇ ಕುರ್ಚಿಯನ್ನು ಇಲ್ಲಿಯ ಪೈಪಿನಲ್ಲೇ ಬಾಗಿಸಿ ಕಲಿಸೋಣ ಎಂದಾಗ ಹುಬ್ಬಳ್ಳಿ ಗೋಕುಲ ರಸ್ತೆಯ ಶೆಡ್ಡುಗಳಲ್ಲಿ ಸಿಕ್ಕ ಉತ್ತರ ಒಂದೇ: "ಹಿಂದ ಕಾಲಿಲ್ಲಂದ್ರ ನಿಲ್ಲೂದಿಲ್ರಿ ಸರ." ಈಗ ಆರು ನಿಂತಿವೆ.

ಮೊದಲ ಸೋಲು ಗೇಜಿನದು. 25 ಮಿ.ಮೀ.ನ 16 ಗೇಜ್, ಅಂದರೆ ಸುಮಾರು 1.6 ಮಿ.ಮೀ. ದಪ್ಪದ, ಎಂ.ಎಸ್. (ಮೆದು ಉಕ್ಕಿನ) ಪೈಪು ಸಲೀಸಾಗಿ ಬಾಗಿತು. ಆದರೆ 70 ಕೆ.ಜಿ. ಆಳು ದೊಪ್ಪನೆ ಕೂತಾಗ ಮುಂಗಾಲು ಇಳಿದದ್ದು ಮತ್ತೆ ಏಳಲಿಲ್ಲ. 14 ಗೇಜ್, ಅಂದರೆ 2 ಮಿ.ಮೀ. ದಪ್ಪ, ಹಾಕಿದ ಮೇಲೆ ಹದವಾಗಿ ತೂಗುತ್ತದೆ. 6 ಮೀಟರಿನ ಪೈಪು ಸುಮಾರು 7 ಕೆ.ಜಿ., ₹500ರ ಆಸುಪಾಸು. ಒಂದು ಕುರ್ಚಿಗೆ 4 ಮೀಟರ್ ಸಾಕು. ಸ್ಟಾಮ್ 1926ರಲ್ಲಿ ಗ್ಯಾಸ್ ಪೈಪಿಗೆ ಎಲ್ಬೋ ಜೋಡಿಸಿದ. ಮರುವರ್ಷ ಬಾಗಿಸಿದ ಪೈಪಿನೊಳಗೆ ಗಟ್ಟಿಯಾಗಲೆಂದು ಸಲಾಕೆ ತುರುಕಬೇಕಾಯಿತು. ಕುಸಿದ ನಮ್ಮ ಕುರ್ಚಿ ಪಕ್ಕದಲ್ಲಿದ್ದರೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಸೋಲು ಪೈಪಿನ ಉದ್ದಕ್ಕೂ ಇರುವ ಬೆಸುಗೆ ಗೆರೆಯದು. ಐದು ಪೈಪು, ಎರಡೂವರೆ ಸಾವಿರ ಗುಜರಿಗೆ ಹೋಯಿತು. ಗೆರೆ ಬಾಗಿನ ಮಗ್ಗುಲಿಗಿರಬೇಕು ಎಂದು ಎಲ್ಲರಿಗೂ ಗೊತ್ತು. ಆದರೆ ಈ ಕುರ್ಚಿಯಲ್ಲಿ ನೆಲದ ಎರಡು ಬಾಗು ನೆಲಕ್ಕೆ ಅಡ್ಡವಾಗಿ, ಉಳಿದ ಆರು ಮೇಲೆ-ಕೆಳಗೆ. ಮೊದಲೆರಡಕ್ಕೆ ಮಗ್ಗುಲಲ್ಲಿದ್ದ ಗೆರೆ ಮೂರನೆಯದಕ್ಕೆ ಸೀದಾ ಒಳಹೊಟ್ಟೆಗೆ ಬರುತ್ತದೆ, ಮುಂದೆ ಬಾಗಿನ ದಿಕ್ಕು ತಿರುಗಿದಲ್ಲಿ ಹೊರಗಿನ ಎಳೆತಕ್ಕೆ ಸಿಕ್ಕು ಸೀಳುತ್ತದೆ. ಗೆರೆಯನ್ನು 45 ಡಿಗ್ರಿಗೆ ತಿರುಗಿಸಿ ಸೀಮೆಸುಣ್ಣದ ಗುರುತು ಹಾಕಿ ಶುರು ಮಾಡಿದರೆ ಎರಡೂ ಕಡೆ ಬಚಾವು.

ಬಾಗುವಾಗ ಪೈಪು ಚಪ್ಪಟೆಯಾಗದಿರಲು ಒಳಗೆ ಉಸುಕು ಬೇಕು. ಅದನ್ನು ಹಂಚಿನ ಮೇಲೆ ಹುರಿದು, ಆರಿಸಿ, ಸಣ್ಣ ಜರಡಿ ಹಿಡಿದು ತುಂಬಬೇಕು. ಪೈಪು ನಿಲ್ಲಿಸಿ ಮರದ ಸುತ್ತಿಗೆಯಿಂದ ಬಡಿದರೆ ಉಸುಕು ಗೇಣುದ್ದ ಕುಸಿಯುತ್ತದೆ. ಮತ್ತೆ ತುಂಬಿ, ಮರದ ಬೂಚು ಜಡಿಯಿರಿ. ತಣ್ಣಗೆ ಬಾಗಿಸುವುದೇ ಮೇಲು. ಗ್ಯಾಸ್ ಹಿಡಿದರೆ ಉಸುಕಿನ ಪಸೆ ಉಗಿಯಾಗಿ ಬೂಚು ಗುಂಡಿನಂತೆ ಹಾರುತ್ತದೆ. ಅಚ್ಚಿನ ತ್ರಿಜ್ಯ 75 ಮಿ.ಮೀ.; 90 ಡಿಗ್ರಿ ಬೇಕಾದರೆ 94ರವರೆಗೆ ಎಳೆಯಿರಿ, ನಾಲ್ಕು ವಾಪಸು ಬರುತ್ತದೆ. ನೆಲದ ಅಡ್ಡಪಟ್ಟಿಯ ನಡುವಿನಿಂದ ಎರಡೂ ತುದಿಗೆ ಹೋಗಬೇಕು. ಒಂದು ತುದಿಯಿಂದ ಹೊರಟರೆ ತಪ್ಪು ಕೂಡಿ ಕೂಡಿ ಕೊನೆಗೆ ಕುರ್ಚಿ ಸೊಟ್ಟ. ಉಸುಕಿಗೆ ಚೂರು ಬೆರೆಸುವ ಪುಡಿಯೊಂದಿದೆ, ಅದು ನಮ್ಮ ಶೆಡ್ಡಿನಲ್ಲೇ ಇರಲಿ.

ನಡುವೆ ಅಲ್ಯೂಮಿನಿಯಂ ಚಪಲವೂ ಆಯಿತು. 6063 ಎಂಬ ಮಿಶ್ರಲೋಹದ ಗಟ್ಟಿ ಹದದ ಪೈಪು ಹೊರಮೈಯಲ್ಲಿ ಬಿರಿಯಿತು. ಬಟ್ಟೆ ಸೋಪು ಸವರಿ, ಅದು ಕಪ್ಪಾಗುವವರೆಗೆ ಕಾಯಿಸಿ ಆರಿಸಿದರೆ ಬಾಗುತ್ತದೆ, ಆದರೆ ಮೆದುವಾದ ಪೈಪು ಭಾರ ಹೊರುವುದಿಲ್ಲ. ಆಟಕ್ಕೆ ಸರಿ.

ಕ್ರೋಮಿಗೆ ಕೇಳಿದ ದರ ನಮಗೆ ಒಗ್ಗಲಿಲ್ಲ. ಪೌಡರ್ ಕೋಟಿಂಗ್ ₹350ಕ್ಕೆ ಮುಗಿಯಿತು. ಉಸುಕು ಪೂರ್ತಿ ಕೊಡವಿಯೇ ಕಳಿಸಿ, ತುದಿ ಮುಚ್ಚಿದ್ದರೆ ಗಾಳಿಗೊಂದು ತೂತು ಬಿಡಿ.

ಸೀಟಿಗೆ ನವಾರು. ಜರ್ಮನಿಯ ವಿನ್ಯಾಸ ಶಾಲೆ ಬೌಹೌಸಿನವರು ಮೇಣ ಹಾಕಿದ ಹತ್ತಿನೂಲಿನ ಬಟ್ಟೆ ಬಳಸಿದ್ದರು. ನಾವೂ ನವಾರಿಗೆ ಮೇಣ ಉಜ್ಜಿದೆವು, ಇಸ್ತ್ರಿ ಹಾಯಿಸಿದೆವು. ಜೋತುಬೀಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ತಿಂಗಳಿಗೊಮ್ಮೆ ಬಿಗಿಯಲೇಬೇಕು.