ವೇಶ್ಯಾಗೃಹದ ಹಳೆ ಟೋಕನ್: ಮೊದಲು ರಾಜ್ಯದ ಹೆಸರು ನೋಡಿ

ಅಮೆರಿಕದ ಹಳೆ ವೇಶ್ಯಾಗೃಹದ ಟೋಕನ್ (ದುಡ್ಡಿನ ಬದಲು ಬಳಸುತ್ತಿದ್ದ ಬಿಲ್ಲೆ) ಅಂತ ಯಾರಾದರೂ ತೋರಿಸಿದರೆ, ಅದರ ಮೇಲೆ ರಾಜ್ಯದ ಹೆಸರು ಹೇಗಿದೆ ಅಂತ ಮೊದಲು ನೋಡಿ. ನೆವಾಡಾಕ್ಕೆ ಬರೀ 'ಎನ್‌ವಿ' (NV), ಅರಿಜೋನಾಕ್ಕೆ 'ಎಝೆಡ್' (AZ) ಅಂತಿದ್ದರೆ ಕೊಳ್ಳಬೇಡಿ. ಈ ಎರಡಕ್ಷರದ ಗುರುತುಗಳನ್ನು ಅಲ್ಲಿನ ಅಂಚೆ ಇಲಾಖೆ ತಂದಿದ್ದೇ 1963ರಲ್ಲಿ. ಮುಂಚೆ 'ನೆವ್.', 'ಅರಿಜ್.' ಅಂತ ಚುಕ್ಕೆ ಇಟ್ಟು ಬರೆಯುತ್ತಿದ್ದರು. ಅರಿಜೋನಾ 1912ರಲ್ಲಿ ರಾಜ್ಯವಾಗುವ ಮೊದಲಿನದಾದರೆ 'ಎ.ಟಿ.' ಅಂತ, ಅಂದರೆ ಅರಿಜೋನಾ ಟೆರಿಟರಿ ಅಂತ ಇರಬಹುದು. ಬರಹವನ್ನೂ ಓದಿ. ಆ ಕಾಲದ ಸಲೂನ್ (ಹೆಂಡದಂಗಡಿ) ಟೋಕನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಅಂಗಡಿಯ ಹೆಸರು, ಹಿಂಬದಿಯಲ್ಲಿ 'ಗುಡ್ ಫಾರ್ 5 ಸೆಂಟ್ಸ್ ಇನ್ ಟ್ರೇಡ್', ಅಂದರೆ ಐದು ಸೆಂಟಿನ ವ್ಯಾಪಾರಕ್ಕೆ ನಡೆಯುತ್ತೆ ಅನ್ನೋ ಸಪ್ಪೆ ಸಾಲು, ಅಷ್ಟೇ. ಒಂದು ರಾತ್ರಿಗೆ ಇಷ್ಟು ಅಂತ ಬಿಡಿಸಿ ಹೇಳುವ, ಹೆಂಗಸಿನ ಚಿತ್ರವಿರುವ ತುಂಡುಗಳು ಹೆಚ್ಚಾಗಿ ಪ್ರವಾಸಿಗರಿಗೆ ಮಾರಲು ಆಮೇಲೆ ಮಾಡಿದ್ದು. ಅಲ್ಲಿ ದುಡಿದ ಹೆಂಗಸರ ಬದುಕನ್ನು ಅವು ಸುಮ್ನೆ ತಮಾಷೆ ಮಾಡುತ್ತವೆ, ಅದೇ ನನಗೆ ಜಾಸ್ತಿ ಬೇಸರ. ಊರು, ರಾಜ್ಯ ಎರಡೂ ಇಲ್ಲದ ಟೋಕನ್‌ಗೆ ಈ ಉಪಾಯ ನಡೆಯಲ್ಲ. ನ್ಯೂಯಾರ್ಕ್‌ನಂಥ ಕಡೆ 'ಎನ್.ವೈ.' ಅಂತ ಮೊದಲಿಂದಲೂ ಬರೆಯುತ್ತಿದ್ದರು, ಅಲ್ಲೂ ಆಗಲ್ಲ. ತಿಳಿದವರು ಮಾಡಿದ ನಕಲು ಕೂಡ ಇದರಲ್ಲಿ ಪಾಸಾಗುತ್ತೆ. ಆಗ ಆ ಊರಿನ ಸ್ಯಾನ್‌ಬಾರ್ನ್ ನಕ್ಷೆ, ಅಂದರೆ ಬೆಂಕಿ ವಿಮೆಗಾಗಿ ಕಟ್ಟಡಗಳನ್ನು ಗುರುತಿಸಿದ ಹಳೆ ನಕ್ಷೆ, ತೆಗೆದು ನೋಡಿ. ಇಂಥ ಮನೆಗಳನ್ನು ಅದರಲ್ಲಿ 'ಫೀಮೇಲ್ ಬೋರ್ಡಿಂಗ್' ಅಂತ ಗುರುತು ಹಾಕಿರುತ್ತಾರೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ತಾಣದಲ್ಲಿ ಎಷ್ಟೋ ಊರುಗಳ ನಕ್ಷೆ ಪುಕ್ಕಟೆ ಸಿಗುತ್ತವೆ.